ನಾಸ್ತಿಕನೂ ನೆರೆಯವನೇ

(ಕ್ರೈಸ್ತ ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕ್ರೈಸ್ತರು ನಾಸ್ತಿಕರನ್ನು ಹೇಗೆ ಅರ್ಥಮಾಡಿಕೊಳ್ಳಬೇಕು, ಅವರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬ ವಿಷಯ ಕುರಿತು ಮಾತನಾಡಬೇಕೆಂದು ನೀವು ಕೇಳಿದ್ದೀರಿ. ಇಂಥ ವಿಷಯಕ್ಕೆ ನಮ್ಮ ಸಭೆಗಳಲ್ಲಿ ಒಂದು ಸಿದ್ಧ ಮಾದರಿ ಇದೆ. ನಾಸ್ತಿಕರು ಕೇಳುವ ಹತ್ತು ಪ್ರಶ್ನೆಗಳನ್ನು ಪಟ್ಟಿ ಮಾಡುವುದು, ಒಂದೊಂದಕ್ಕೂ ಉತ್ತರ ಹೇಳುವುದು, ಕೊನೆಗೆ ವಾದದಲ್ಲಿ ಗೆದ್ದೆವೆಂದು ಚಹಾ ಕುಡಿದು ಮನೆಗೆ ಹೋಗುವುದು. ಅಂಥ ಸಭೆಯಲ್ಲಿ ನಾಸ್ತಿಕನೊಬ್ಬ ಮಾತ್ರ ಇರುವುದಿಲ್ಲ. ಎದುರಾಳಿಯೇ ಇಲ್ಲದ ಕಣದಲ್ಲಿ ಗೆಲ್ಲುವುದು ಕಷ್ಟದ ಕೆಲಸವಲ್ಲ.

ನಾನು ಆ ಕೆಲಸಕ್ಕೆ ಕೈಹಾಕುವುದಿಲ್ಲ. ದೇವರು ಇದ್ದಾನೆಯೋ ಇಲ್ಲವೋ ಎಂಬ ವಾದವನ್ನು ತತ್ವಜ್ಞಾನಿಗಳಿಗೆ ಬಿಟ್ಟು, ಅದಕ್ಕಿಂತ ಚಿಕ್ಕದಾಗಿ ಕಾಣುವ, ಆದರೆ ನಮ್ಮ ಮನೆಗಳಿಗೆ ಹೆಚ್ಚು ಹತ್ತಿರವಾದ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. 'ನನಗೆ ದೇವರಲ್ಲಿ ನಂಬಿಕೆಯಿಲ್ಲ' ಎಂದು ಪ್ರಾಮಾಣಿಕವಾಗಿ ಹೇಳುವ ಮನುಷ್ಯನೊಬ್ಬ ನಮ್ಮ ಎದುರು ನಿಂತಾಗ, ಯೇಸುಸ್ವಾಮಿಯ ಹಿಂಬಾಲಕರೆಂದು ಹೇಳಿಕೊಳ್ಳುವ ನಮ್ಮ ನಡತೆ ಹೇಗಿರಬೇಕು? ಇದಕ್ಕೆ ಉತ್ತರ ಹುಡುಕಲು ನಿಮ್ಮನ್ನು ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರಕ್ಕೆ ಕರೆದೊಯ್ಯಬೇಕಾಗುತ್ತದೆ. ಅದಕ್ಕೆ ಮುನ್ನ 'ನಾಸ್ತಿಕ' ಎಂಬ ಪದದ ಬಗ್ಗೆ ಎರಡು ಮಾತು ಹೇಳಬೇಕು.

ಹೆಸರಿನ ಚರಿತ್ರೆ

ದೇವರನ್ನು ನಂಬುವವನು ಆಸ್ತಿಕ, ನಂಬದವನು ನಾಸ್ತಿಕ ಎಂಬುದು ಈಗಿನ ರೂಢಿ. ಹಿಂದಿನ ಶಾಸ್ತ್ರಕಾರರ ಬಳಕೆಯಲ್ಲಿ ಇದಕ್ಕೆ ಬೇರೆ ಅರ್ಥವಿತ್ತು. ವೇದದ ಪ್ರಾಮಾಣ್ಯವನ್ನು ಒಪ್ಪದೆ ಅದನ್ನು ನಿಂದಿಸುವವನೇ ನಾಸ್ತಿಕನೆಂದು ಮನುಸ್ಮೃತಿ ಹೇಳುತ್ತದೆ. ಈ ಅಳತೆಯಿಂದ ಜೈನರೂ ಬೌದ್ಧರೂ ನಾಸ್ತಿಕ ದರ್ಶನದವರೆನಿಸಿಕೊಂಡರು. ಹಾಗೆ ನೋಡಿದರೆ ಕನ್ನಡದ ಆದಿಕವಿಯೆಂದು ನಾವು ತಲೆಬಾಗುವ ಪಂಪ, ಅವನ ನಂತರದ ರನ್ನ, ಇಬ್ಬರೂ ಆ ಪಟ್ಟಿಗೆ ಸೇರುತ್ತಾರೆ. ಜಗತ್ತನ್ನು ಸೃಷ್ಟಿಸಿದ ಈಶ್ವರನೊಬ್ಬನ ಅಗತ್ಯವನ್ನೇ ಕಾಣದ ಪ್ರಾಚೀನ ಸಾಂಖ್ಯರು ಮತ್ತು ಮೀಮಾಂಸಕರು ಮಾತ್ರ ವೇದವನ್ನು ಒಪ್ಪಿದ ಕಾರಣಕ್ಕೆ ಆಸ್ತಿಕರ ಸಾಲಿನಲ್ಲಿ ಕುಳಿತರು. ಅದೇ ಅಳತೆಗೋಲನ್ನು ಇಲ್ಲಿ ಹಿಡಿದರೆ, ಈ ಸಭೆಯಲ್ಲಿ ಸೇರಿರುವ ನಾವೆಲ್ಲರೂ ನಾಸ್ತಿಕರೇ.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ರೋಮನ್ ಸಾಮ್ರಾಜ್ಯದಲ್ಲಿ ಮೊದಮೊದಲ ಕ್ರೈಸ್ತರ ಮೇಲೆ ಹೊರಿಸಿದ ಆರೋಪಗಳಲ್ಲಿ ನಾಸ್ತಿಕತೆಯೂ ಒಂದು. ನಗರದ ದೇವತೆಗಳಿಗೆ ಅವರು ಬಲಿ ಕೊಡುತ್ತಿರಲಿಲ್ಲ, ಚಕ್ರವರ್ತಿಯ ಪ್ರತಿಮೆಗೆ ಧೂಪ ಹಾಕುತ್ತಿರಲಿಲ್ಲ, ಅವರ ಮನೆಗಳಲ್ಲಿ ವಿಗ್ರಹಗಳಿರಲಿಲ್ಲ. ದೇವರಿಲ್ಲದ ಜನವೆಂದು ನೆರೆಹೊರೆಯವರು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಎರಡನೆಯ ಶತಮಾನದ ಜಸ್ಟಿನ್ ಎಂಬ ಕ್ರೈಸ್ತ ಪಂಡಿತ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಈ ಆರೋಪವನ್ನು ಅರ್ಧ ಒಪ್ಪಿಕೊಂಡೇ ಉತ್ತರಿಸಿದ. ನೀವು ಹೇಳುವ ಆ ದೇವತೆಗಳ ಮಟ್ಟಿಗೆ ನಾವು ನಾಸ್ತಿಕರು ಹೌದು, ಸತ್ಯದೇವರ ಮಟ್ಟಿಗೆ ಅಲ್ಲ ಎಂಬುದು ಅವನ ವಾದದ ಸಾರ.

ಅದೇ ಶತಮಾನದ ನಡುವಿನಲ್ಲಿ ಈಗಿನ ಟರ್ಕಿಯ ಇಜ್ಮೀರ್, ಅಂದಿನ ಸ್ಮುರ್ನ ಪಟ್ಟಣದಲ್ಲಿ ಪಾಲಿಕಾರ್ಪ್ ಎಂಬ ವೃದ್ಧ ಬಿಷಪ್ಪನನ್ನು ಕ್ರೀಡಾಂಗಣಕ್ಕೆ ಎಳೆತಂದರು. 'ನಾಸ್ತಿಕರು ಹಾಳಾಗಲಿ' ಎಂದು ಹೇಳಿಬಿಟ್ಟರೆ ಬಿಡುಗಡೆ ಮಾಡುವುದಾಗಿ ಅಧಿಕಾರಿ ಸೂಚಿಸಿದ. ಅಲ್ಲಿ ನಾಸ್ತಿಕರೆಂದರೆ ಕ್ರೈಸ್ತರು. ಮುದುಕ ನೆರೆದ ಗುಂಪಿನ ಕಡೆಗೇ ಕೈಬೀಸಿ, ನಿಟ್ಟುಸಿರಿಟ್ಟು ಅದೇ ಮಾತನ್ನು ಹೇಳಿದನಂತೆ. ಅವನನ್ನು ಸುಟ್ಟು ಕೊಂದರು. ಆ ಹೆಸರು ಹೊತ್ತು ಪ್ರಾಣಬಿಟ್ಟವರ ವಂಶಸ್ಥರು ನಾವು. ಅದನ್ನು ಇನ್ನೊಬ್ಬರ ಮೇಲೆ ಬೈಗುಳವಾಗಿ ಎಸೆಯುವ ಮೊದಲು ಈ ಚರಿತ್ರೆಯನ್ನು ನೆನೆಯಬೇಕು.

ಪ್ರಶ್ನೆ ಕೇಳಿದ ಹುಡುಗ

ಈಗ ಲಂಡನ್ನಿಗೆ ಬರೋಣ. 1833ರಲ್ಲಿ ಆ ನಗರದ ಪೂರ್ವ ಭಾಗದ ಬಡ ಗುಮಾಸ್ತನೊಬ್ಬನ ಮನೆಯಲ್ಲಿ ಚಾರ್ಲ್ಸ್ ಬ್ರಾಡ್ಲಾ ಎಂಬ ಹುಡುಗ ಹುಟ್ಟಿದ. ಓದಿನಲ್ಲಿ ಚುರುಕು, ಭಕ್ತಿಯಲ್ಲೂ ಮುಂದು. ಹದಿನಾಲ್ಕು ಹದಿನೈದರ ವಯಸ್ಸಿಗೇ ಹ್ಯಾಕ್ನಿ ರಸ್ತೆಯ ಸೇಂಟ್ ಪೀಟರ್ಸ್ ಚರ್ಚಿನ ಸಂಡೇಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ. ಲಂಡನ್ನಿನ ಬಿಷಪ್ಪರು ಕನ್ಫರ್ಮೇಶನ್ ಸಂಸ್ಕಾರ ನಡೆಸಲು ಬರುವವರಿದ್ದರು. ಒಳ್ಳೆಯ ವಿದ್ಯಾರ್ಥಿಯೆಂದು ಚರ್ಚಿನ ಪಾದ್ರಿ ಜಾನ್ ಗ್ರಹಾಂ ಪ್ಯಾಕರ್ ಇವನನ್ನೂ ಸಿದ್ಧತೆಗೆ ಹಚ್ಚಿದರು.

ಹುಡುಗ ಶ್ರದ್ಧೆಯಿಂದಲೇ ಓದಿದ. ಆಂಗ್ಲಿಕನ್ ಸಭೆಯ ಮೂವತ್ತೊಂಬತ್ತು ವಿಶ್ವಾಸಸೂತ್ರಗಳನ್ನು ನಾಲ್ಕು ಸುವಾರ್ತೆಗಳೊಡನೆ ಹೋಲಿಸಿ ನೋಡಿದಾಗ ಕೆಲವು ಕಡೆ ಹೊಂದಾಣಿಕೆ ಕಾಣಲಿಲ್ಲ. ವಿವರಿಸಿ ಸಹಾಯ ಮಾಡಬೇಕೆಂದು ಪಾದ್ರಿಗೆ ಪತ್ರ ಬರೆದ. ಉತ್ತರ ಹುಡುಗನಿಗೆ ಬರಲಿಲ್ಲ. ನಿಮ್ಮ ಮಗನ ವಿಚಾರಣೆ ನಾಸ್ತಿಕತೆಯದೆಂದು ಪಾದ್ರಿ ಅವನ ತಂದೆತಾಯಿಗೆ ಬರೆದರು, ಸಂಡೇಸ್ಕೂಲಿನ ಕೆಲಸದಿಂದ ಮೂರು ತಿಂಗಳು ಅಮಾನತು ಮಾಡಿದರು. ಭಾನುವಾರಗಳು ಬರಿದಾದ ಹುಡುಗ ಬಯಲಿನಲ್ಲಿ ಸೇರುತ್ತಿದ್ದ ಸ್ವತಂತ್ರ ವಿಚಾರವಾದಿಗಳ ಚರ್ಚೆ ಕೇಳಲು ಹೋಗತೊಡಗಿದ. ಮೊದಲು ಅಲ್ಲಿ ಕ್ರೈಸ್ತಮತದ ಪರವಾಗಿಯೇ ವಾದಿಸುತ್ತಿದ್ದ. ಕ್ರಮೇಣ ವಾದದ ದಿಕ್ಕು ಬದಲಾಯಿತು. ಮೂರು ದಿನಗಳಲ್ಲಿ ಅಭಿಪ್ರಾಯ ಬದಲಾಯಿಸಿಕೊಳ್ಳದಿದ್ದರೆ ಕೆಲಸ ಹೋಗುತ್ತದೆಂಬ ಎಚ್ಚರಿಕೆ ಬಂದಾಗ, ಹದಿನಾರರ ಆಸುಪಾಸಿನ ಆ ಹುಡುಗ ಮನೆಯನ್ನೇ ಬಿಟ್ಟು ಹೊರಟ. ಅವನಿಗೆ ಆಶ್ರಯ ಕೊಟ್ಟವರು ದೇವಭಕ್ತರಲ್ಲ, ವಿಚಾರವಾದಿ ರಿಚರ್ಡ್ ಕಾರ್ಲೈಲನ ಕುಟುಂಬದವರು.

ಈ ವಿವರಗಳು ಬ್ರಾಡ್ಲಾನ ಮಗಳು ಹೈಪೇಷಿಯ ಬರೆದ ಜೀವನಚರಿತ್ರೆಯಿಂದ ಬಂದವು, ಆದ್ದರಿಂದ ಒಂದು ಪಕ್ಷದ ಮಾತೆನ್ನಬಹುದು. ಆ ಪಾದ್ರಿ ದುಷ್ಟರೆಂದು ನಾನೂ ಹೇಳುವುದಿಲ್ಲ. ಅವರಿಗೆ ಬಹುಶಃ ಗಾಬರಿಯಾಗಿತ್ತು. ಬಿಷಪ್ಪರು ಬರುವ ಹೊತ್ತಿನಲ್ಲಿ ಹೀಗಾಯಿತಲ್ಲ ಎಂಬ ಮುಜುಗರವೂ ಇದ್ದಿರಬೇಕು. ಗಾಬರಿಗೊಂಡ ಭಕ್ತ ಮಾಡುವ ಕೆಲಸವನ್ನೇ ಅವರು ಮಾಡಿದರು. ಪ್ರಶ್ನೆಯನ್ನು ಅಪರಾಧವೆಂದು ತಿಳಿದರು. ಪರಿಣಾಮವಾಗಿ ಇಂಗ್ಲೆಂಡಿನ ಕ್ರೈಸ್ತ ಸಭೆ ಒಬ್ಬ ಉತ್ಸಾಹಿ ಬೋಧಕನನ್ನು ಕಳೆದುಕೊಂಡು, ಆ ಶತಮಾನದ ಅತ್ಯಂತ ಸಮರ್ಥ ನಾಸ್ತಿಕ ವಾಗ್ಮಿಯನ್ನು ಪಡೆಯಿತು.

ನಾಸ್ತಿಕರೆಲ್ಲರೂ ಹೀಗೆ ನೊಂದವರೇ ಎಂದು ಹೇಳಲಾಗದು. ಓದಿ, ಯೋಚಿಸಿ, ಯಾವ ಕಹಿಯೂ ಇಲ್ಲದೆ ಆ ನಿಲುವಿಗೆ ಬಂದವರು ಬಹಳ ಮಂದಿ. 'ಇವನಿಗೆ ಯಾವುದೋ ನೋವಾಗಿರಬೇಕು' ಎಂದು ಎಲ್ಲರನ್ನೂ ರೋಗಿಗಳಂತೆ ನೋಡುವುದೂ ಒಂದು ಬಗೆಯ ಅವಮಾನವೇ. ಆದರೆ ನಮ್ಮ ಕೈಯಾರೆ ಹೊರಗೆ ತಳ್ಳಿದವರ ಲೆಕ್ಕವೊಂದು ಇದೆ. ಅದನ್ನು ಒಪ್ಪಿಕೊಳ್ಳುವುದು ನಮ್ಮ ಕರ್ತವ್ಯ.

ಆಣೆಯ ಜಗಳ

ದೊಡ್ಡವನಾದ ಬ್ರಾಡ್ಲಾ ಸಿಪಾಯಿಯಾಗಿ, ವಕೀಲರ ಗುಮಾಸ್ತನಾಗಿ ದುಡಿದ. 1866ರಲ್ಲಿ ನ್ಯಾಷನಲ್ ಸೆಕ್ಯುಲರ್ ಸೊಸೈಟಿಯನ್ನು ಸ್ಥಾಪಿಸಿದ. ಮುಂದೆ ಭಾರತಕ್ಕೆ ಬಂದು ಥಿಯಾಸಫಿಸ್ಟರ ನಾಯಕಿಯಾದ ಆ್ಯನಿ ಬೆಸೆಂಟ್ ಆ ದಿನಗಳಲ್ಲಿ ಅವನ ಸಹೋದ್ಯೋಗಿ. 1880ರಲ್ಲಿ ನಾರ್ಥಾಂಪ್ಟನ್ ಕ್ಷೇತ್ರದ ಮತದಾರರು ಅವನನ್ನು ಪಾರ್ಲಿಮೆಂಟಿಗೆ ಆರಿಸಿ ಕಳಿಸಿದರು. ಅಲ್ಲಿ ಸದಸ್ಯರಾಗುವವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕಾಗಿತ್ತು. ತನಗೆ ಆ ಹೆಸರಿನಲ್ಲಿ ನಂಬಿಕೆಯಿಲ್ಲದ ಕಾರಣ, ಪ್ರಮಾಣದ ಬದಲು ಸತ್ಯನಿಷ್ಠೆಯ ಪ್ರತಿಜ್ಞೆ ಮಾಡಲು ಅನುಮತಿ ಬೇಕೆಂದು ಅವನು ಕೇಳಿದ.

ನಾಸ್ತಿಕನ ಮಾತಿಗೆ ಬೆಲೆ ಕೊಡಬಹುದೆ ಎಂಬ ಸಂಶಯ ಹಳೆಯದು. ಮತಸಹಿಷ್ಣುತೆಯ ಪರವಾಗಿ 1689ರಲ್ಲಿ ಪ್ರಸಿದ್ಧ ಪತ್ರ ಪ್ರಕಟಿಸಿದ ಜಾನ್ ಲಾಕ್ ಕೂಡ ನಾಸ್ತಿಕರನ್ನು ಆ ಸಹಿಷ್ಣುತೆಯಿಂದ ಹೊರಗಿಟ್ಟ. ದೇವರನ್ನು ಅಲ್ಲಗಳೆಯುವವನನ್ನು ಆಣೆ, ಕರಾರು, ವಚನಗಳು ಕಟ್ಟಿಹಾಕಲಾರವು ಎಂಬುದು ಅವನ ಕಾರಣ. ನಮ್ಮ ಹಳ್ಳಿಗಳಲ್ಲಿ ಈಗಲೂ ಇದೇ ಭಾವನೆ ಇದೆ. 'ದೇವರಾಣೆ' ಎಂದರೆ ನಂಬುತ್ತೇವೆ, ಬರಿಯ ಮಾತನ್ನು ನಂಬುವುದಿಲ್ಲ.

ಬ್ರಾಡ್ಲಾ ಕೇಳಿದ ಪ್ರತಿಜ್ಞೆಯ ದಾರಿಯನ್ನು ಇಂಗ್ಲೆಂಡಿನಲ್ಲಿ ಮೊದಲು ತೆರೆದವರು ನಾಸ್ತಿಕರಲ್ಲ, ಅತ್ಯಂತ ಭಕ್ತ ಕ್ರೈಸ್ತರು ಎಂಬುದು ಇಲ್ಲಿ ಗಮನಾರ್ಹ. ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು, ಆಣೆಯಿಡಲೇ ಬೇಡಿ, ಹೌದಾದರೆ ಹೌದೆನ್ನಿ, ಇಲ್ಲವಾದರೆ ಇಲ್ಲವೆನ್ನಿ ಎಂಬರ್ಥದ ಮಾತನ್ನು ಕಲಿಸಿದ್ದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿದೆ. ಕ್ವೇಕರ್ ಪಂಥದವರು ಅದನ್ನು ಅಕ್ಷರಶಃ ಪಾಲಿಸಿ, ಆಣೆಯಿಡದೆ ಜೈಲು ಸೇರಿದರು. ಅವರ ಹಟಕ್ಕೆ ಮಣಿದು ಪಾರ್ಲಿಮೆಂಟು 1696ರಲ್ಲಿ ಅವರಿಗೆ ಪ್ರತಿಜ್ಞೆಯ ಅವಕಾಶ ಕೊಟ್ಟಿತು. ಬ್ರಾಡ್ಲಾ ಕೇಳಿದ್ದು ಅಂಥ ಅವಕಾಶವನ್ನೇ. ನಾಸ್ತಿಕ ಯೇಸುವಿನ ಮಾತಿನ ಕಡೆ ನಿಂತಿದ್ದ, ಯೇಸುವಿನ ಹೆಸರು ಹೇಳುವವರು ಆಣೆಯ ಕಡೆ ನಿಂತಿದ್ದರು.

ಅನುಮತಿ ಸಿಗಲಿಲ್ಲ. ಹಾಗಾದರೆ ಎಲ್ಲರಂತೆ ಪ್ರಮಾಣವನ್ನೇ ಮಾಡುತ್ತೇನೆಂದರೆ, ನಂಬದವನಿಗೆ ಅದಕ್ಕೂ ಹಕ್ಕಿಲ್ಲವೆಂದರು. ಹೊರಗೆ ಹೋಗಲೊಪ್ಪದ ಅವನನ್ನು 1880ರ ಜೂನ್‌ನಲ್ಲಿ ಪಾರ್ಲಿಮೆಂಟಿನ ಗಡಿಯಾರದ ಗೋಪುರದಲ್ಲಿ ಒಂದು ರಾತ್ರಿ ಸೆರೆಯಿಟ್ಟರು. 1881ರ ಆಗಸ್ಟ್‌ನಲ್ಲಿ ಸೇವಕರೂ ಪೊಲೀಸರೂ ಸೇರಿ ಮೆಟ್ಟಿಲುಗಳ ಮೇಲಿಂದ ಎಳೆದು ಹೊರಹಾಕಿದರು, ಅವನ ಕೋಟು ಹರಿಯಿತು. ನಾರ್ಥಾಂಪ್ಟನ್ನಿನ ಮತದಾರರೂ ಬಿಡಲಿಲ್ಲ. 1881, 1882, 1884 ಮತ್ತು 1885ರಲ್ಲಿ ಅವನನ್ನೇ ಮತ್ತೆ ಮತ್ತೆ ಆರಿಸಿದರು.

ಈ ಜಗಳದಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ನರ ನಿಲುವು ಸ್ಮರಣೀಯ. ಅವರು ಕಟ್ಟಾ ಆಂಗ್ಲಿಕನ್ ಭಕ್ತರು, ಬ್ರಾಡ್ಲಾನ ವಿಚಾರಗಳೆಂದರೆ ಅವರಿಗೆ ಆಗದು. ಆದರೂ 1883ರಲ್ಲಿ ಪ್ರತಿಜ್ಞೆಗೆ ಅವಕಾಶ ಕೊಡುವ ಮಸೂದೆಯನ್ನು ಅವರ ಸರ್ಕಾರವೇ ತಂದಿತು. ಮನುಷ್ಯರ ಗೋಜಿಗೇ ಬಾರದ ಯಾವುದೋ ದೂರದ ದೇವರನ್ನು ಒಪ್ಪಿದರೆ ಸಾಕು, ಒಳಗೆ ಬನ್ನಿ ಎನ್ನುವ ಕಾನೂನಿನಿಂದ ಕ್ರೈಸ್ತಮತಕ್ಕೆ ಏನು ರಕ್ಷಣೆ ಸಿಕ್ಕಿತು ಎಂದು ಅವರು ಕೇಳಿದರು. ಧರ್ಮದ ಹೆಸರಿನಲ್ಲಿ ಅನ್ಯಾಯ ನಡೆದಾಗ ಜನ ಧರ್ಮದಿಂದಲೇ ದೂರವಾಗುತ್ತಾರೆ ಎಂಬುದು ಅವರ ಆತಂಕವಾಗಿತ್ತು. ಮಸೂದೆ ಮೂರು ಮತಗಳಿಂದ ಸೋತಿತು. 1886ರಲ್ಲಿ ಹೊಸ ಸ್ಪೀಕರ್ ಯಾವ ಅಡ್ಡಿಗೂ ಅವಕಾಶ ಕೊಡದೆ ಬ್ರಾಡ್ಲಾನಿಗೆ ಪ್ರಮಾಣ ಮಾಡಿಸಿದರು. 1888ರಲ್ಲಿ ಬ್ರಾಡ್ಲಾನೇ ಮುಂದೆ ನಿಂತು, ಯಾರು ಬೇಕಾದರೂ ಆಣೆಯ ಬದಲು ಪ್ರತಿಜ್ಞೆ ಮಾಡಬಹುದೆಂಬ ಕಾನೂನನ್ನು ಅಂಗೀಕರಿಸಿಕೊಂಡ.

ಅದರ ಫಲವನ್ನು ನಾವೂ ಉಣ್ಣುತ್ತಿದ್ದೇವೆ. ನಮ್ಮ ಮಂತ್ರಿಗಳೂ ಶಾಸಕರೂ 'ದೇವರ ಹೆಸರಿನಲ್ಲಿ' ಅಥವಾ 'ಸತ್ಯನಿಷ್ಠೆಯಿಂದ' ಎಂದು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದೆಂದು ಸಂವಿಧಾನದ ಮೂರನೆಯ ಅನುಸೂಚಿ ಹೇಳುತ್ತದೆ. ಸಂವಿಧಾನದ ಪೀಠಿಕೆಯನ್ನೇ ದೇವರ ಹೆಸರಿನಿಂದ ಆರಂಭಿಸಬೇಕೆಂದು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು 1949ರ ಅಕ್ಟೋಬರ್ 17ರಂದು ತಿದ್ದುಪಡಿ ಸೂಚಿಸಿದ್ದರು. ಪರವಾಗಿ 41, ವಿರುದ್ಧವಾಗಿ 68 ಮತಗಳು ಬಂದು ಅದು ಬಿದ್ದುಹೋಯಿತು. ವಿರೋಧಿಸಿದ ಹೃದಯನಾಥ ಕುಂಜ್ರು ಅಂಥವರಿಗೆ ದೇವರ ಮೇಲೆ ದ್ವೇಷವಿರಲಿಲ್ಲ. ನಂಬಿಕೆಯ ವಿಷಯವನ್ನು ಯಾರ ಮೇಲೂ ಹೇರಬಾರದೆಂಬುದಷ್ಟೇ ಅವರ ಅಭಿಪ್ರಾಯ. ಅಲ್ಪಸಂಖ್ಯಾತರಾದ ನಮಗೆ ಇದರ ಬೆಲೆ ತಿಳಿದಿರಬೇಕು. ನಾಸ್ತಿಕನ ಆತ್ಮಸಾಕ್ಷಿಗೆ ಸಿಗುವ ರಕ್ಷಣೆ ಮತ್ತು ನಮ್ಮ ಆತ್ಮಸಾಕ್ಷಿಗೆ ಸಿಗುವ ರಕ್ಷಣೆ ಒಂದೇ ಗೋಡೆಯ ಎರಡು ಮುಖಗಳು.

ಇನ್ನೊಬ್ಬ ಪಾದ್ರಿ

ಬ್ರಾಡ್ಲಾ ಗೋಪುರದಲ್ಲಿ ಸೆರೆಯಿದ್ದಾಗ ಅವನಿಗೆ ಒಂದು ತಂತಿ ಬಂತು. ಬಿಡುಗಡೆ ಕೊಡುವ ಯೇಸುಕ್ರಿಸ್ತನ ಹೆಸರಿನಲ್ಲಿ ನಿನಗೆ ಶುಭ ಹಾರೈಸುತ್ತೇನೆ, ನಿನ್ನ ವಿರೋಧಿಗಳಲ್ಲಿ ಎಷ್ಟೋ ಜನ ದೂಷಿಸುತ್ತಿರುವುದು ಆತನನ್ನೇ, ಎಂಬುದು ಅದರ ಒಕ್ಕಣೆಯ ಭಾವ. ಕಳಿಸಿದವರು ಸ್ಟೂವರ್ಟ್ ಹೆಡ್ಲಮ್ ಎಂಬ ಆಂಗ್ಲಿಕನ್ ಪಾದ್ರಿ.

ಹೆಡ್ಲಮ್ ಲಂಡನ್ನಿನ ಬೆತ್ನಲ್ ಗ್ರೀನ್ ಎಂಬ ಬಡವರ ಪೇಟೆಯಲ್ಲಿ ಸಹಾಯಕ ಪಾದ್ರಿಯಾಗಿದ್ದವರು. ಬ್ರಾಡ್ಲಾನನ್ನು ಹೊರಗೆ ಹಾಕಿದ ಸೇಂಟ್ ಪೀಟರ್ಸ್ ಚರ್ಚೂ ಅದೇ ಪೇಟೆಯಲ್ಲಿದೆ. ಕಾರ್ಮಿಕರು ಚರ್ಚನ್ನು ಬಿಟ್ಟು ಬ್ರಾಡ್ಲಾನ ಭಾಷಣಗಳಿಗೆ ಹೋಗುತ್ತಿರುವುದನ್ನು ಕಂಡ ಹೆಡ್ಲಮ್, ಅವರನ್ನು ಶಪಿಸುತ್ತ ಕೂರಲಿಲ್ಲ. ತಾವೂ ಆ ಸಭಾಂಗಣಕ್ಕೆ ಹೋಗಿ ಕುಳಿತು ಕೇಳಿದರು. ಅಲ್ಲಿ ಎದ್ದುನಿಂತು ವಾದಿಸಿದರು, ಜೊತೆಗೆ ನಾಸ್ತಿಕರ ಮಾತಿನಲ್ಲಿ ಸರಿಯಾದದ್ದನ್ನು ಸರಿಯೆಂದು ಒಪ್ಪಿಕೊಂಡರು. ಮಕ್ಕಳ ಶಿಕ್ಷಣ, ಬಡವರ ಹಸಿವು, ಕಾರ್ಮಿಕರ ವಿರಾಮ ಇವುಗಳಿಗಾಗಿ ದುಡಿಯುವ ನಾಸ್ತಿಕ, ತಿಳಿಯದೆಯೇ ಕ್ರಿಸ್ತನ ಕೆಲಸ ಮಾಡುತ್ತಿದ್ದಾನೆಂದು ಅವರಿಗೆ ಅನ್ನಿಸಿತ್ತು. 1877ರಲ್ಲಿ ಅವರು ಆರಂಭಿಸಿದ ಸೇಂಟ್ ಮ್ಯಾಥ್ಯೂ ಕೂಟದ ಗುರಿಗಳಲ್ಲಿ ಮೊದಲನೆಯದು, ಚರ್ಚಿನ ಬಗ್ಗೆ ನಾಸ್ತಿಕರಿಗಿರುವ ಪೂರ್ವಗ್ರಹವನ್ನು ನಿವಾರಿಸುವುದಾಗಿತ್ತು. ಹೆಡ್ಲಮ್ಮರಿಗೆ ಇದರಿಂದ ಲಾಭವೇನೂ ಆಗಲಿಲ್ಲ. 1878ರಲ್ಲಿ ತಮ್ಮ ಹುದ್ದೆ ಕಳೆದುಕೊಂಡರು, ಮುಂದೆ ಅವರಿಗೆ ಸ್ವಂತ ಚರ್ಚು ಎಂದೂ ಸಿಗಲಿಲ್ಲ. ಬ್ರಾಡ್ಲಾ ಕೂಡ ಕ್ರೈಸ್ತನಾಗಲಿಲ್ಲ.

ಹಾಗಾದರೆ ಹೆಡ್ಲಮ್ ಸೋತರೆ? ಮತಾಂತರವೊಂದೇ ಗೆಲುವಿನ ಅಳತೆಯಾದರೆ ಸೋತರು. ಆದರೆ ಅದೇ ಪೇಟೆಯ ಇಬ್ಬರು ಪಾದ್ರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಬ್ಬರು ಪ್ರಶ್ನೆ ಕೇಳಿದ ಹುಡುಗನನ್ನು ಮನೆ ಬಿಡುವಂತೆ ಮಾಡಿದರು. ಇನ್ನೊಬ್ಬರು ಅದೇ ಹುಡುಗ ಬೆಳೆದು ಸೆರೆಯಾದಾಗ ಅವನ ಜೊತೆ ನಿಂತರು. ಇಬ್ಬರಲ್ಲಿ ಯಾರನ್ನು ಕಂಡು ಒಬ್ಬ ನಾಸ್ತಿಕನಿಗೆ ಕ್ರಿಸ್ತನ ಮುಖದ ಸುಳಿವು ಸಿಕ್ಕೀತು?

ಕೀರ್ತನೆಯ ಮೂಢ

ಕೆಲವರು ಹದಿನಾಲ್ಕನೆಯ ಕೀರ್ತನೆಯನ್ನು ಎತ್ತುತ್ತಾರೆ. ದೇವರಿಲ್ಲವೆನ್ನುವವನನ್ನು ಅಲ್ಲಿ ಮೂಢನೆಂದಿದೆಯಲ್ಲ ಎಂಬುದು ಅವರ ಮಾತು. ಇಲ್ಲಿ ಎರಡು ಸಂಗತಿಗಳನ್ನು ಮರೆಯುವಂತಿಲ್ಲ. ಆ ಹೀಬ್ರೂ ಪದ ಬುದ್ಧಿ ಕಡಮೆಯವನನ್ನು ಸೂಚಿಸುವುದಕ್ಕಿಂತ ಹೆಚ್ಚಾಗಿ ನೀತಿಗೆಟ್ಟವನನ್ನು ಸೂಚಿಸುತ್ತದೆ. ಅಲ್ಲದೆ ಆ ಮನುಷ್ಯ ಹಾಗೆ ಹೇಳಿಕೊಳ್ಳುವುದು ತನ್ನ ಮನಸ್ಸಿನೊಳಗೆ. ಕೀರ್ತನೆ ಮುಂದುವರಿದಾಗ ಅವನು ಜನರನ್ನು ರೊಟ್ಟಿ ತಿನ್ನುವಂತೆ ತಿನ್ನುವವನೆಂದು ತಿಳಿಯುತ್ತದೆ. ಅಂದರೆ ಬಾಯಲ್ಲಿ ದೇವರ ನಾಮ, ಮನಸ್ಸಿನಲ್ಲಿ ಕೇಳುವವರಿಲ್ಲವೆಂಬ ಧೈರ್ಯ, ಕೈಯಲ್ಲಿ ಬಡವನ ಕುತ್ತಿಗೆ. ಇಂಥವನು ಚರ್ಚಿನ ಮುಂದಿನ ಸಾಲಿನಲ್ಲೂ ಕುಳಿತಿರಬಹುದು. ಆ ಕೀರ್ತನೆಯನ್ನು ಓದುವಾಗ ಎದುರು ಮನೆಯ ವಿಚಾರವಾದಿಗಿಂತ ಮೊದಲು ನಮ್ಮನ್ನೇ ನೋಡಿಕೊಳ್ಳುವುದು ಕ್ಷೇಮ.

ಮತ್ತಾಯನ ಸುವಾರ್ತೆಯಲ್ಲಿ ಇಬ್ಬರು ಮಕ್ಕಳ ಸಾಮ್ಯ ಬರುತ್ತದೆ. ತೋಟದಲ್ಲಿ ಕೆಲಸ ಮಾಡೆಂದು ತಂದೆ ಹೇಳಿದಾಗ ಒಬ್ಬ ಒಲ್ಲೆನೆಂದು, ಆಮೇಲೆ ಹೋಗಿ ಕೆಲಸ ಮಾಡುತ್ತಾನೆ. ಇನ್ನೊಬ್ಬ ಹೋಗುತ್ತೇನೆಂದು ಹೇಳಿ ಹೋಗುವುದಿಲ್ಲ. ತಂದೆಯ ಇಷ್ಟವನ್ನು ನಡೆಸಿದವನು ಯಾರೆಂದು ಯೇಸು ಕೇಳಿದ್ದು ನಾಸ್ತಿಕರನ್ನಲ್ಲ, ಧರ್ಮದ ಮುಖಂಡರನ್ನು.

ಈ ಆತ್ಮಪರೀಕ್ಷೆ ಚರ್ಚಿನ ಅಧಿಕೃತ ದಾಖಲೆಯಲ್ಲೂ ಸೇರಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್‌ನಲ್ಲಿ ಹೊರಡಿಸಿದ 'ಗಾಡಿಯಮ್ ಎತ್ ಸ್ಪೆಸ್' ಎಂಬ ಶಾಸನ ನಾಸ್ತಿಕತೆಯನ್ನು ಆ ಕಾಲದ ಅತಿ ಗಂಭೀರ ವಿಷಯಗಳಲ್ಲಿ ಒಂದೆಂದು ಕರೆಯಿತು. ಅದಕ್ಕೆ ಹಲವು ಮುಖಗಳಿವೆಯೆಂದು ಗುರುತಿಸಿತು. ನಾಸ್ತಿಕತೆ ಹುಟ್ಟುವುದರಲ್ಲಿ ಭಕ್ತರ ಪಾಲೂ ಕಡಮೆಯಿಲ್ಲವೆಂದು, ಅವರ ತಪ್ಪು ಬೋಧನೆಯೂ ನಡತೆಯ ಕೊರತೆಯೂ ದೇವರ ನಿಜವಾದ ಮುಖವನ್ನು ಮರೆಮಾಡುತ್ತವೆಂದು ಒಪ್ಪಿಕೊಂಡಿತು. ನಂಬುವವರೂ ನಂಬದವರೂ ಕೂಡಿ ಬಾಳುವ ಈ ಲೋಕವನ್ನು ಸರಿಪಡಿಸಲು ಇಬ್ಬರೂ ಮಾತನಾಡಿಕೊಳ್ಳಬೇಕೆಂದಿತು. ಅದೇ ವರ್ಷ ರೋಮಿನಲ್ಲಿ ನಂಬದವರೊಡನೆ ಸಂವಾದಕ್ಕಾಗಿಯೇ ಒಂದು ಕಾರ್ಯಾಲಯ ತೆರೆದು, ವಿಯೆನ್ನಾದ ಕಾರ್ಡಿನಲ್ ಕೊನಿಗ್ ಅವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಲಾಯಿತು.

ನಾಸ್ತಿಕತೆಯ ಹೆಸರಿನಲ್ಲಿ ಕ್ರೈಸ್ತರಿಗೆ ಆದ ಗಾಯಗಳನ್ನು ಮರೆತು ನಾನು ಇದನ್ನು ಹೇಳುತ್ತಿಲ್ಲ. ಸೋವಿಯೆತ್ ಸರ್ಕಾರ 1931ರಲ್ಲಿ ಮಾಸ್ಕೋದ ದೊಡ್ಡ ಕ್ಯಾಥೆಡ್ರಲನ್ನು ಸಿಡಿಮದ್ದಿಟ್ಟು ಕೆಡವಿತು. ಅಲ್ಬೇನಿಯ 1967ರಲ್ಲಿ ಚರ್ಚು, ಮಸೀದಿಗಳನ್ನೆಲ್ಲ ಮುಚ್ಚಿಸಿ ತಾನು ನಾಸ್ತಿಕ ರಾಷ್ಟ್ರವೆಂದು ಸಾರಿತು. ಪ್ರಾರ್ಥನೆ ಮಾಡಿದ್ದಕ್ಕಾಗಿ ಅಲ್ಲಿ ಸತ್ತವರಿದ್ದಾರೆ. ಆದರೆ ಅದು ಪ್ರಭುತ್ವದ ದೌರ್ಜನ್ಯ. ಅದರ ಲೆಕ್ಕವನ್ನು ನಮ್ಮ ಬೀದಿಯ ವಿಚಾರವಾದಿ ಮೇಷ್ಟರಿಂದ ವಸೂಲು ಮಾಡುವುದು, ಮತವಿಚಾರಣೆಯ ಕ್ರೌರ್ಯಕ್ಕೆ ನಮ್ಮೂರಿನ ಪಾದ್ರಿಯನ್ನು ಹೊಣೆ ಮಾಡಿದಂತೆಯೇ ಆಗುತ್ತದೆ.

ಬ್ರೂಕ್‌ವುಡ್ ನಿಲ್ದಾಣದಲ್ಲಿ

ಬ್ರಾಡ್ಲಾ ಭಾರತದ ಮಿತ್ರನೂ ಆಗಿದ್ದ. 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದ, ಭಾರತೀಯರ ಪರವಾಗಿ ಪಾರ್ಲಿಮೆಂಟಿನಲ್ಲಿ ಅಷ್ಟು ಮಾತನಾಡುತ್ತಿದ್ದನೆಂದು 'ಭಾರತದ ಸದಸ್ಯ' ಎಂದೇ ಅವನನ್ನು ಕರೆಯುತ್ತಿದ್ದರು. 1891ರ ಜನವರಿ ಕೊನೆಯಲ್ಲಿ ಅವನು ತೀರಿಕೊಂಡ. ಸಾಯುವುದಕ್ಕೆ ಕೆಲವೇ ದಿನ ಮೊದಲು ಪಾರ್ಲಿಮೆಂಟು 1880ರಲ್ಲಿ ಅವನ ವಿರುದ್ಧ ಕೈಗೊಂಡ ನಿರ್ಣಯವನ್ನು ತನ್ನ ದಾಖಲೆಯಿಂದ ಅಳಿಸಿಹಾಕಿತು. ಆ ಸುದ್ದಿ ತಿಳಿಯುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಬ್ರೂಕ್‌ವುಡ್ಡಿನಲ್ಲಿ ನಡೆದ ಅಂತ್ಯಕ್ರಿಯೆಗೆ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಮೋಹನದಾಸ ಗಾಂಧಿ ಎಂಬ ತರುಣನೂ ಹೋಗಿದ್ದ. ಕೆಲವು ಪಾದ್ರಿಗಳೂ ಗೌರವ ಸಲ್ಲಿಸಲು ಬಂದಿದ್ದರೆಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಿಂತಿರುಗುವಾಗ ರೈಲಿಗಾಗಿ ಕಾಯುತ್ತಿದ್ದ ಗುಂಪಿನಲ್ಲಿ ಒಬ್ಬ ನಾಸ್ತಿಕ ಒಬ್ಬ ಪಾದ್ರಿಯನ್ನು ಹಿಡಿದುಕೊಂಡು, ನಿಮ್ಮ ದೇವರ ಗಾತ್ರವೆಷ್ಟು, ಅವನಿರುವುದೆಲ್ಲಿ ಎಂದು ಹಂಗಿಸತೊಡಗಿದ. ನಮಗೆ ಅರಿವಾಗುವುದಾದರೆ ಆತ ನಮ್ಮಿಬ್ಬರ ಹೃದಯದಲ್ಲೂ ಇದ್ದಾನೆ ಎಂಬರ್ಥದ ಮಾತು ಹೇಳಿ ಪಾದ್ರಿ ಸುಮ್ಮನಾದರು. ಆ ಸಂಭಾಷಣೆಯಿಂದ ನಾಸ್ತಿಕತೆಯ ಬಗ್ಗೆ ತಮ್ಮ ಅಸಮ್ಮತಿ ಇನ್ನೂ ಹೆಚ್ಚಿತೆಂದು ಗಾಂಧೀಜಿ ಹೇಳುತ್ತಾರೆ.

ಇದರಿಂದ ಎರಡು ಪಾಠ ಕಲಿಯಬಹುದು. ಅಹಂಕಾರ ಯಾವುದೇ ಪಕ್ಷದ ಸೊತ್ತಲ್ಲ, ಅದು ನಾಸ್ತಿಕರಲ್ಲೂ ಧಾರಾಳವಾಗಿ ಇರುತ್ತದೆ. ಎರಡನೆಯದು, ಆ ಪಾದ್ರಿ ಅಲ್ಲಿಗೆ ಬಂದಿದ್ದರು ಎಂಬುದು. ಹಂಗಿಸಿಕೊಳ್ಳುವ ಸಂಭವವಿದ್ದರೂ ತಮ್ಮ ಮತದ ವಿರೋಧಿಯ ಮಣ್ಣಿಗೆ ಬಂದಿದ್ದರು.

ಗಾಂಧೀಜಿ ಬ್ರಾಡ್ಲಾನನ್ನು ಮರೆಯಲಿಲ್ಲ. ದೇವರೇ ಸತ್ಯ 
ಎನ್ನುವುದಕ್ಕಿಂತ ಸತ್ಯವೇ ದೇವರು ಎನ್ನುವುದು ಮೇಲೆಂದು 1931ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್ನಿನಲ್ಲಿ ವಿವರಿಸುವಾಗ, ಬ್ರಾಡ್ಲಾನ ಹೆಸರೆತ್ತಿ ಅವನನ್ನು ತಾವು ದೈವಭೀರುವೆಂದೇ ತಿಳಿಯುವುದಾಗಿ ಹೇಳಿದರು. ಅವನು ಅದನ್ನು ಒಪ್ಪುತ್ತಿರಲಿಲ್ಲ ಎಂಬುದನ್ನೂ ಸೇರಿಸಿದರು. ಆ ಸೇರಿಸಿದ ಮಾತು ಮುಖ್ಯ. ಒಳ್ಳೆಯ ನಾಸ್ತಿಕನನ್ನು ಕಂಡಾಗ 'ಇವನು ಒಳಗೊಳಗೆ ಭಕ್ತನೇ' ಎಂದುಕೊಳ್ಳುವ ಆಸೆ ನಮಗೆಲ್ಲ ಇದೆ. ಜರ್ಮನಿಯ ಕಾರ್ಲ್ ರಾನರ್ ಎಂಬ ದೇವಶಾಸ್ತ್ರಜ್ಞರು ಅಂಥವರನ್ನು ಹೆಸರಿಲ್ಲದ ಕ್ರೈಸ್ತರೆಂದು ಕರೆದರು. ಹೆಡ್ಲಮ್ಮರಲ್ಲೂ ಅದರ ನೆರಳಿತ್ತು. ದೇವರ ಕೃಪೆಗೆ ಗಡಿಯಿಲ್ಲವೆಂದು ನಮ್ಮೊಳಗೆ ನಂಬುವುದು ಸರಿ. ಆದರೆ ಮನುಷ್ಯ ಯೋಚಿಸಿ ಹೇಳಿದ 'ಇಲ್ಲ'ವನ್ನು ಅವನೆದುರಿಗೇ 'ಹೌದು' ಎಂದು ತಿದ್ದುವುದು ಅವನ ಮಾತನ್ನು ಕೇಳಿಸಿಕೊಳ್ಳದಿರುವ ಇನ್ನೊಂದು ವಿಧಾನ. ಯಾರಾದರೂ ನಮ್ಮನ್ನು, ನೀವು ನಿಜವಾಗಿ ಕ್ರೈಸ್ತರೇ ಅಲ್ಲ, ನಿಮಗೇ ಗೊತ್ತಿಲ್ಲ ಎಂದರೆ ನಮಗೆ ಹೇಗೆ ಅನ್ನಿಸೀತು?

ಹಿಟ್ಲರನ ಸೆರೆಮನೆಯಲ್ಲಿದ್ದ ಜರ್ಮನ್ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್ 1944ರ ಏಪ್ರಿಲ್‌ನಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ಭಕ್ತರಿಗಿಂತ ಧರ್ಮವಿಲ್ಲದವರ ಕಡೆಗೆ ತಮ್ಮ ಮನಸ್ಸು ಎಷ್ಟೋ ಸಲ ಎಳೆಯುತ್ತದೆ, ಅದೂ ಮತಪ್ರಚಾರದ ಉದ್ದೇಶದಿಂದಲ್ಲ, ಸಹೋದರ ಭಾವದಿಂದ ಎಂದು ಹೇಳಿಕೊಂಡಿದ್ದಾರೆ. ಮುಂದಿನ ವರ್ಷ ಅವರನ್ನು ನೇಣಿಗೆ ಹಾಕಲಾಯಿತು. ಅವರ ನಂಬಿಕೆ ಸಡಿಲವಾಗಿತ್ತೆಂದು ಯಾರೂ ಹೇಳಲಾರರು. ನಂಬಿಕೆ ಗಟ್ಟಿಯಾಗಿದ್ದವರಿಗೆ ಎದುರಿನವನ 'ಇಲ್ಲ' ಕೇಳಿ ಗಾಬರಿಯಾಗುವುದಿಲ್ಲ.

ನಮ್ಮ ಮನೆಯ ಮಾತು

ಕೊನೆಯದಾಗಿ ನಮ್ಮ ಮನೆಗಳಿಗೆ ಬರುತ್ತೇನೆ. ನಮ್ಮಲ್ಲಿ ಬಹುಪಾಲು ಜನರಿಗೆ ನಾಸ್ತಿಕನ ಭೇಟಿ ವೇದಿಕೆಯ ಮೇಲೆ ಆಗುವುದಿಲ್ಲ, ಊಟದ ಹೊತ್ತಿನಲ್ಲಿ ಆಗುತ್ತದೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಓದುತ್ತಿರುವ ಮಗ ರಜೆಗೆ ಬಂದವನು ಭಾನುವಾರ ಬೆಳಿಗ್ಗೆ, ನಾನು ಆರಾಧನೆಗೆ ಬರುವುದಿಲ್ಲ, ನನಗೆ ನಂಬಿಕೆಯಿಲ್ಲ ಎನ್ನುತ್ತಾನೆ. ಕನ್ಫರ್ಮೇಶನ್ ತರಗತಿಯ ಹುಡುಗಿ, ಪ್ರಾರ್ಥನೆ ಮಾಡಿದರೂ ಅಜ್ಜಿ ಯಾಕೆ ಸತ್ತಳು ಎಂದು ಕೇಳುತ್ತಾಳೆ. ಆ ಕ್ಷಣದಲ್ಲಿ ನಮಗೂ ಪ್ಯಾಕರರಿಗಾದ ಗಾಬರಿಯೇ ಆಗುತ್ತದೆ. ಸಭೆಯವರು ಏನೆಂದಾರು, ಪಾದ್ರಿಗಳಿಗೆ ಏನು ಹೇಳಲಿ, ನಾಳೆ ಮದುವೆಯ ಗತಿಯೇನು? ಬೈಯುತ್ತೇವೆ, ಅಳುತ್ತೇವೆ, ಕಾಲೇಜಿನ ಸಹವಾಸದ ಮೇಲೆ ತಪ್ಪು ಹಾಕುತ್ತೇವೆ.

ಅಂಥ ಹೊತ್ತಿನಲ್ಲಿ ಮಾಡಬಹುದಾದ ಕೆಲವು ಸರಳ ಕೆಲಸಗಳಿವೆ. ನೀನು ನಂಬದಿರುವುದು ಯಾವ ದೇವರನ್ನು ಎಂದು ಕೇಳಬಹುದು. ಲೆಕ್ಕದ ಪುಸ್ತಕ ಹಿಡಿದು ಶಿಕ್ಷಿಸಲು ಕಾಯುವ ದೇವರನ್ನು ಅವನು ನಂಬದಿದ್ದರೆ, ಅವನನ್ನು ನಾವೂ ನಂಬುವುದಿಲ್ಲ ಎಂದು ಹೇಳಬಹುದು. ಉತ್ತರ ಗೊತ್ತಿಲ್ಲದಾಗ ಗೊತ್ತಿಲ್ಲವೆನ್ನಬಹುದು. ಶಿಲುಬೆಯ ಮೇಲೆ ಯೇಸುವೇ ದೇವರನ್ನು 'ಯಾಕೆ' ಎಂದು ಕೇಳಿದನೆಂದು ಸುವಾರ್ತೆಯಲ್ಲಿದೆ, ಆದ್ದರಿಂದ ಪ್ರಶ್ನೆ ಪಾಪವಲ್ಲ. ನಮ್ಮ ನಂಬಿಕೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕವಾಗಿ, ಗೌರವದಿಂದ ಕೊಡಿ ಎಂದು ಪೇತ್ರನು ಮೊದಲನೆಯ ಪತ್ರದಲ್ಲಿ ಕಲಿಸಿದ. ನಾವು ಆ ಮಾತಿನ ಮೊದಲರ್ಧವನ್ನು ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಎಲ್ಲಕ್ಕಿಂತ ಮುಖ್ಯವಾಗಿ, ಅವನ ಅಭಿಪ್ರಾಯ ಏನೇ ಇರಲಿ, ಊಟದ ತಟ್ಟೆ ಅವನ ಜಾಗದಲ್ಲೇ ಇರುತ್ತದೆಂದು ತಿಳಿಸಬಹುದು.

ನಾವು ಸತ್ಯವೆಂದು ನಂಬಿದ್ದನ್ನು ಮುಚ್ಚಿಡಬೇಕಾಗಿಲ್ಲ. ಭಿನ್ನಾಭಿಪ್ರಾಯ ನಿಜವಾದದ್ದು, ಅದು ಕೊನೆಯವರೆಗೂ ಉಳಿಯಬಹುದು. ನೆರೆಯವನು ಯಾರೆಂದು ಕೇಳಿದ ಶಾಸ್ತ್ರಿಗೆ ಯೇಸು ಹೇಳಿದ ಕಥೆಯಲ್ಲಿ ದಾರಿಯಲ್ಲಿ ಬಿದ್ದವನ ಗಾಯ ಕಟ್ಟಿದ್ದು ಒಬ್ಬ ಸಮಾರ್ಯದವನು. ಕೇಳಿದವನ ದೃಷ್ಟಿಯಲ್ಲಿ ಅವನ ಮತ ತಪ್ಪು, ಅವನ ಆರಾಧನೆಯ ಬೆಟ್ಟವೂ ತಪ್ಪು. ಯೇಸು ಅದನ್ನು ಸರಿಯೆಂದೂ ಹೇಳಲಿಲ್ಲ. ಆದರೆ ನೆರೆಯವನ ಮಾದರಿಯಾಗಿ ಅವನನ್ನೇ ತೋರಿಸಿದ.

ಹದಿನೈದರ ಆ ಹುಡುಗ ಬರೆದ ಪತ್ರಕ್ಕೆ ಒಬ್ಬ ಪಾದ್ರಿ ಕುಳಿತು ಎರಡು ಪುಟ ಉತ್ತರ ಬರೆದಿದ್ದರೆ, ಅಥವಾ ಬಾ ಮಗು, ಕೂಡಿ ಓದೋಣ ಎಂದಿದ್ದರೆ ಏನಾಗುತ್ತಿತ್ತೋ ಯಾರೂ ಹೇಳಲಾರರು. ಅವನು ಆಗಲೂ ನಾಸ್ತಿಕನೇ ಆಗುತ್ತಿದ್ದನೇನೋ. ಆದರೆ ಮನೆ ಬಿಟ್ಟು ಹೋಗಬೇಕಾಗುತ್ತಿರಲಿಲ್ಲ. ಅಂಥ ಪತ್ರ ನಮ್ಮ ಕೈಗೆ ಬಂದ ದಿನ ಉತ್ತರವನ್ನು ಬರೆದವರಿಗೇ ಕಳಿಸೋಣ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.